ಮೈಸೂರಿನಲ್ಲಿ ಮರಗೆಲಸಕ್ಕೆ ನಂಬಿಕಸ್ಥ ಬಡಗಿ ಬೇಕಾಗಿದ್ದಾರೆ

ಪ್ರಶ್ನೆ (ಕುವೆಂಪುನಗರದಿಂದ)

ನಮಸ್ಕಾರ. ನಮ್ಮ ಹಳೆಯ ಮನೆಯ ಅಡುಗೆಮನೆಗೆ ಕಪಾಟುಗಳನ್ನೂ ಮಲಗುವ ಕೋಣೆಗೆ ಒಂದು ವಾರ್ಡ್‌ರೋಬನ್ನೂ ಮಾಡಿಸಬೇಕಾಗಿದೆ. ಜೊತೆಗೆ, ಮಳೆಗಾಲ ಬಂತೆಂದರೆ ಉಬ್ಬಿಕೊಂಡು ಹಾಕಲೂ ತೆಗೆಯಲೂ ಬಾರದ ಬಚ್ಚಲುಮನೆಯ ಬಾಗಿಲಿಗೊಂದು ದಾರಿ ಕಾಣಬೇಕಾಗಿದೆ. ಕಳೆದ ಸಲ ಬಂದವರು ಮುಂಗಡ ಪಡೆದು, ಅರ್ಧ ಕೆಲಸ ಮಾಡಿ, ಬೇರೆ ಕಡೆ ಕೆಲಸ ಹಿಡಿದವರು ಮತ್ತೆ ಇತ್ತ ತಲೆಹಾಕಲಿಲ್ಲ. ಈಗ ವಿಚಾರಿಸಿದರೆ ಒಬ್ಬರು ಚದರ ಅಡಿಯ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ದಿನಗೂಲಿ ಎನ್ನುತ್ತಾರೆ. ಯಾವುದಕ್ಕೆ ಒಪ್ಪುವುದು ಒಳ್ಳೆಯದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಸರಸ್ವತಿಪುರಂನಿಂದ)

ಮೇಡಂ, ದರ ಮಾತಾಡುವುದಕ್ಕೆ ಮೊದಲು, ಆ ಬಡಗಿಯವರು ನಾಲ್ಕೈದು ವರ್ಷಗಳ ಹಿಂದೆ ಮಾಡಿಕೊಟ್ಟ ಅಡುಗೆಮನೆಯೊಂದನ್ನು ನೋಡಿ ಬನ್ನಿ. ಹೊಸದರಲ್ಲಿ ಎಲ್ಲರ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ. ಸಿಂಕಿನ ಕೆಳಗಿನ ಬಾಗಿಲು ತೆಗೆದು ತಳದ ಹಲಗೆಯ ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ಅಲ್ಲಿ ಪದರ ಬಿಟ್ಟಿರದೆ, ಅಕ್ಕಪಕ್ಕದ ಬಾಗಿಲುಗಳ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮವಾಗಿದ್ದರೆ ಅವರ ಕೈಯನ್ನು ನಂಬಬಹುದು.

ಹೊಸ ಕಪಾಟುಗಳಿಗೆ ಚದರ ಅಡಿಯ ಲೆಕ್ಕ, ರಿಪೇರಿಗೆ ದಿನಗೂಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಅಳತೆ ಹೇಗೆ ಹಿಡಿಯುತ್ತಾರೆಂಬುದನ್ನು ಮೊದಲೇ ಬರೆಸಿಕೊಳ್ಳಿ. 7 ಅಡಿ ಎತ್ತರ, 6 ಅಡಿ ಅಗಲದ ವಾರ್ಡ್‌ರೋಬನ್ನು ಮುಂಭಾಗದಿಂದ ಅಳೆದರೆ 42 ಚದರ ಅಡಿ. ಒಳಗಿನ ಡ್ರಾಯರ್, ಮೇಲಿನ ಲಾಫ್ಟ್ ಅದರಲ್ಲಿ ಸೇರಿವೆಯೋ ಇಲ್ಲವೋ ಎಂಬಲ್ಲಿಯೇ ಹೆಚ್ಚಿನ ಜಗಳಗಳು ಹುಟ್ಟುತ್ತವೆ. ಹಣವನ್ನೂ ಕೆಲಸ ಮುಗಿದಂತೆಲ್ಲ ಕಂತುಗಳಲ್ಲಿ ಕೊಡಿ; ಕೊನೆಯ ಕಂತು ಬಾಗಿಲು, ಹಿಡಿ, ಬೀಗ ಎಲ್ಲವೂ ಕೂತ ಮೇಲೆಯೇ ಇರಲಿ.

ಪ್ಲೈವುಡ್ಡನ್ನು ನೀವೇ ಕೊಳ್ಳಿ. ಸಿಂಕಿನ ಸುತ್ತ ಐಎಸ್ 710 (ನೀರು ತಡೆಯುವ ಪ್ಲೈವುಡ್ಡಿನ ಭಾರತೀಯ ಮಾನಕ) ದರ್ಜೆಯೇ ಬೇಕು. 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದೆಂಬುದು ಅದರ ಪರೀಕ್ಷೆ. ವಾರ್ಡ್‌ರೋಬಿಗೆ ಸಾಮಾನ್ಯ ಬಳಕೆಯ ಐಎಸ್ 303 ಸಾಕು. ಹಾಳೆಯ ಮೇಲಿನ ಮುದ್ರೆಯಲ್ಲಿರುವ ಸಿಎಂ/ಎಲ್ ಸಂಖ್ಯೆಯನ್ನು (ತಯಾರಕರ ಪರವಾನಗಿ ಸಂಖ್ಯೆ) ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ನಿಜವೋ ಅಲ್ಲವೋ ಗೊತ್ತಾಗುತ್ತದೆ.

ಉತ್ತರ 2 (ಮಂಡ್ಯದಿಂದ)

ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಸಾಮಾನನ್ನು ನೀವೇ ಕೊಳ್ಳಿ, ಆದರೆ ಬಡಗಿಯವರನ್ನು ಜೊತೆಗೆ ಕರೆದುಕೊಂಡು ಹೋಗಿ. 8 ಅಡಿಗೆ 4 ಅಡಿಯ ಹಾಳೆಯನ್ನು ಹೇಗೆ ಕತ್ತರಿಸುವುದೆಂದು ಅವರು ಮೊದಲೇ ಯೋಚಿಸದಿದ್ದರೆ ಒಂದೆರಡು ಹಾಳೆ ಸುಮ್ಮನೆ ಹಾಳಾಗುತ್ತದೆ.

ಮುಂದೆ ಚೌಕಟ್ಟಿಗೆ ತೇಗ ತರುವುದಾದರೆ, ಹೊರಗಿನ ಬಿಳಿ ಭಾಗವಿರುವ ತುಂಡುಗಳನ್ನು ಬಿಡಿ. ನಮ್ಮ ನಾಲೆ ಬಯಲಿನ ತೇವದಲ್ಲಿ ಗೆದ್ದಲು ಹಿಡಿಯುವುದು ಮೊದಲು ಅದಕ್ಕೇ. ಉದ್ದ, ಅಗಲ, ದಪ್ಪ ಮೂರನ್ನೂ ಅಂಗುಲದಲ್ಲಿ ಗುಣಿಸಿ 1728ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ಸಾ ಮಿಲ್‌ನಲ್ಲಿ ನಿಂತು ಈ ಲೆಕ್ಕವನ್ನು ನೀವೇ ಮಾಡಿ ನೋಡಿ.

ಉತ್ತರ 3 (ಮೈಸೂರಿನ ಬೋಗಾದಿಯಿಂದ)

ಬಚ್ಚಲಿನ ಬಾಗಿಲಿಗೆ ಮತ್ತೆ ಮರವನ್ನೇ ಹಾಕಿಸಬೇಡಿ. ಪಿವಿಸಿ ಅಥವಾ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಬಾಗಿಲು ನೀರಿಗೆ ಉಬ್ಬುವುದಿಲ್ಲ. ಹಳೆಯದನ್ನೇ ಉಳಿಸಿಕೊಳ್ಳುವುದಾದರೆ ಮಳೆಗಾಲದಲ್ಲಿ ಮಾತ್ರ ಕೀಸಿಸಬೇಡಿ. ಆಗ ಸರಿಯಾಗಿ ಕೂತ ಬಾಗಿಲು ಬೇಸಿಗೆಯಲ್ಲಿ ಒಣಗಿ ಸಂದು ಬಿಡುತ್ತದೆ. ಚೆನ್ನಾಗಿ ಒಣಗಿದ ಮೇಲೆ ಸ್ವಲ್ಪವೇ ಕೀಸಿಸಿ, ಕೆಳಗಿನ ಅಂಚಿಗೂ ಮರೆಯದೆ ಬಣ್ಣ ಹೊಡೆಸಿ. ನೀರು ಹೀರುವುದು ಅಲ್ಲಿಂದಲೇ. ಇನ್ನೊಂದು ಮಾತು: ದಸರೆಯ ಹೊತ್ತಿಗೆ ಎಲ್ಲರಿಗೂ ಮನೆ ಸಿದ್ಧವಾಗಬೇಕು, ಆಯುಧಪೂಜೆಗೆ ಬಡಗಿಗಳು ಉಳಿ-ಗರಗಸಗಳನ್ನು ಪೂಜೆಗಿಟ್ಟು ಕೆಲಸ ನಿಲ್ಲಿಸುತ್ತಾರೆ. ಆದ್ದರಿಂದ ಹಬ್ಬಕ್ಕೆ ಸಾಕಷ್ಟು ಮುಂಚೆಯೇ ಮಾತಾಡಿಕೊಳ್ಳಿ.