ಗೋಲ್ಡನ್ ಹೋರ್ಡ್: ಗುಂಪೋ, ದಂಡೋ, ಬೀಡೋ?

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ಬಿಡಿಸಿಕೊಡಿ.

ಹೈಸ್ಕೂಲ್ ಮಕ್ಕಳಿಗೆ ಮಂಗೋಲರ ಬಗ್ಗೆ ಬರೆಯುತ್ತಿದ್ದೇನೆ. ತೆಮುಜಿನ್ ಅನ್ನುವವನು 1206ರಲ್ಲಿ ಓನೋನ್ ನದಿ ಹತ್ತಿರ ಸೇರಿದ ಸಭೆಯಲ್ಲಿ ಚಂಗೀಸ್ ಖಾನ್ ಆಗಿದ್ದು, 1227ರಲ್ಲಿ ಸತ್ತಿದ್ದು, ಅಲ್ಲಿವರೆಗೆ ಸಲೀಸಾಗಿ ಬಂತು. (ಖಾನ್ ಅನ್ನೋದು ಪಟ್ಟದ ಹೆಸರು, ಮನೆತನದ್ದಲ್ಲ. ಅವನು ಮುಸ್ಲಿಮನೂ ಅಲ್ಲ, ತೆಂಗ್ರಿ ಅನ್ನುವ ಆಕಾಶದೇವರನ್ನು ನಂಬಿದವನು. ಇದನ್ನು ಪ್ರತಿ ಸಲವೂ ಹೇಳಬೇಕಾಗುತ್ತದೆ.) ಕಷ್ಟ ಶುರುವಾಗಿದ್ದು ಮೊಮ್ಮಗ ಬಾತು ಖಾನನ ಹತ್ತಿರ. 1237ರಿಂದ 1240ರೊಳಗೆ ರಷ್ಯಾ ಕಡೆಯ ಊರುಗಳನ್ನು ಒಂದೊಂದಾಗಿ ಮುರಿದು, ಕೀವ್ ನಗರವನ್ನೂ ಹಾಳುಮಾಡಿ, ವೋಲ್ಗಾ ನದಿಯ ಬಯಲಲ್ಲಿ ನೆಲೆನಿಂತವನು ಇವನು. ಅವನ ರಾಜ್ಯಕ್ಕೆ ಆಮೇಲೆ ಬಂದ ಹೆಸರು ಗೋಲ್ಡನ್ ಹೋರ್ಡ್. ಮೊದಲು ‘ಚಿನ್ನದ ಗುಂಪು’ ಅಂತ ಬರೆದೆ. ಓದಿ ನೋಡಿದರೆ ಒಡವೆ ಅಂಗಡಿಯವರು ನಡೆಸುವ ಚೀಟಿ ಇದ್ದ ಹಾಗಿದೆ!

ತಪ್ಪಿದ್ದೇ ಅಲ್ಲಿ. ಇಂಗ್ಲಿಷಿನಲ್ಲಿ ಹೋರ್ಡ್ ಅಂದರೆ ಈಗ ನುಗ್ಗಿ ಬರುವ ಜನಜಂಗುಳಿ. ಮೂಲದ ಓರ್ದು ಹಾಗಲ್ಲ, ಅದು ಖಾನನ ಡೇರೆ, ಅದರ ಸುತ್ತ ಬೆಳೆದ ಇಡೀ ಬಿಡಾರ. ತುರ್ಕಿಯಲ್ಲಿ ಓರ್ದು ಅಂದರೆ ಇವತ್ತಿಗೂ ಸೈನ್ಯ. ನಮ್ಮ ಉರ್ದು ಕೂಡ ಇದೇ ಪದ, ದಿಲ್ಲಿ ಬಾದಶಹರ ಬಿಡಾರದ ಮಾತು ಅಂತ ಹೆಸರು ಬಂದು ಕೊನೆಗೆ ಬಿಡಾರ ಮಾತ್ರ ಉಳಿಯಿತು.

1253ರಲ್ಲಿ ಬಾತುವನ್ನು ಕಂಡುಬಂದ ರುಬ್ರುಕ್‌ನ ವಿಲಿಯಂ ಅನ್ನುವ ಪಾದ್ರಿಯೊಬ್ಬ ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತಾನೆ. ಬಾತುವಿಗೆ 26 ಜನ ಹೆಂಡಿರಂತೆ, ಒಬ್ಬೊಬ್ಬಳಿಗೂ ಒಂದು ದೊಡ್ಡ ಮನೆ, ಒಂದೊಂದು ಮನೆಯ ಹಿಂದೆ 200 ಗಾಡಿ. ದೂರದಿಂದ ನೋಡಿದರೆ ಉದ್ದಕ್ಕೆ ಚಾಚಿಕೊಂಡ ಪಟ್ಟಣವೇ. ಅದನ್ನು ಓರ್ದಾ ಅನ್ನುತ್ತಾರೆ, ಅಂದರೆ ನಡು, ಯಾಕಂದರೆ ಒಡೆಯ ಯಾವಾಗಲೂ ತನ್ನ ಜನರ ನಡುವೆ ಇರುತ್ತಾನೆ ಅನ್ನುವುದು ಅವನ ವಿವರಣೆ. ಪದದ ಹುಟ್ಟಿನ ಮಾತು ಬಿಡಿ, ಚಿತ್ರವಂತೂ ಕಣ್ಣಿಗೆ ಕಟ್ಟುತ್ತದೆ. ಇದಕ್ಕೆ ‘ಗುಂಪು’ ಅಂದರೆ ಹೇಗೆ?

ಆಮೇಲೆ ಹೊಳೆದಿದ್ದು ದಂಡು. ದಂಡೆತ್ತಿ ಹೋಗುವುದೂ ದಂಡೇ, ಸೈನ್ಯ ಬಿಡಾರ ಹೂಡಿದ ಜಾಗವೂ ದಂಡೇ. ಬೆಂಗಳೂರಿನ ಕಂಟೋನ್ಮೆಂಟನ್ನು ನಮ್ಮ ಹಿರಿಯರು ಸುಮ್ನೆ ದಂಡು ಅನ್ನುತ್ತಿದ್ದರಲ್ಲ, ರೈಲು ನಿಲ್ದಾಣಕ್ಕೂ ಅದೇ ಹೆಸರು. ಓರ್ದು ಪದಕ್ಕಿರುವ ಎರಡೂ ಅರ್ಥ ಇಲ್ಲಿ ಸಿಕ್ಕವು. ಆದರೆ ‘ದಂಡಿನಲ್ಲಿ ಸೋದರಮಾವನೇ’ ಅನ್ನುವ ಗಾದೆ ಇದೆಯಲ್ಲ, ದಂಡು ಅಂದ ಕೂಡಲೇ ನೆಂಟಸ್ತನ ನಡೆಯದ ಜಾಗ ಅಂತಲೇ ಮನಸ್ಸಿಗೆ ಬರುತ್ತದೆ. ಬಾತುವಿನ ಬಿಡಾರದಲ್ಲಿ ಹೆಂಡತಿ, ಮಕ್ಕಳು, ಸೋದರಮಾವ, ಕುರಿ, ಕುದುರೆ ಎಲ್ಲ ಇದ್ದವು.

ಹಾಗಾಗಿ ಈಗ ನನ್ನ ಒಲವು ಬೀಡಿನ ಕಡೆ. ಬೀಡು ಬಿಡುವುದು ಅಂದರೆ ಡೇರೆ ಹೂಡುವುದು. ಅದೇ ಬೀಡು ರಾಜಧಾನಿಯೂ ಹೌದು: ಹಳೆಗನ್ನಡದ ಶಾಸನಗಳಲ್ಲಿ ಅರಸ ಕಲ್ಯಾಣದ ‘ನೆಲೆವೀಡಿನೊಳ್’ ರಾಜ್ಯವಾಳುತ್ತಿರುತ್ತಾನೆ, ಹೊಯ್ಸಳರ ದೋರಸಮುದ್ರ ಹಾಳಾದಮೇಲೆ ಹಳೇಬೀಡು ಆಯಿತು. ಡೇರೆಯಿಂದ ಶುರುವಾಗಿ ಸಿಂಹಾಸನದವರೆಗೆ ಹೋದ ಪದ, ಓರ್ದು ಕೂಡ ನಡೆದಿದ್ದು ಇದೇ ದಾರಿ. ಹೊನ್ನು ಸೇರಿಸಿದರೆ ‘ಹೊಂಬೀಡು’. ಕೇಳಲಿಕ್ಕೂ ಚೆನ್ನಾಗಿದೆ, ಅಲ್ವಾ?

ಒಂದೇ ಅಳುಕು. ಬೀಡು ಈಗ ಶಾಲೆಯ ಪ್ರಬಂಧದಲ್ಲಿ ‘ಕಲೆಗಳ ಬೀಡು, ಚೆಲುವಿನ ಬೀಡು’ ಅಂತ ಸವೆದುಹೋಗಿದೆ. ಹೊಂಬೀಡು ಅಂದರೆ ಮಕ್ಕಳಿಗೆ ಕುದುರೆ ಮೇಲೆ ಕೂತ ಬಾತು ಕಾಣುತ್ತಾನೋ, ಪ್ರವಾಸೋದ್ಯಮದ ಜಾಹೀರಾತು ಕಾಣುತ್ತದೋ? ತುಳುನಾಡಿನವರು ಇದ್ದರೆ ದಯವಿಟ್ಟು ಹೇಳಿ, ನಿಮ್ಮ ಕಡೆ ಅರಸುಮನೆತನದ ಮನೆಗೆ ಬೀಡು ಅನ್ನುತ್ತಾರಲ್ಲ, ಆ ಮಾತಿಗೆ ಈಗಲೂ ಅಧಿಕಾರದ ಗತ್ತು ಇದೆಯಾ? ಇದ್ದರೆ ಹೊಂಬೀಡು ಅಂತಲೇ ಇಡುತ್ತೇನೆ. ಇಲ್ಲದಿದ್ದರೆ ‘ಚಿನ್ನದ ದಂಡು’ ಅಂತ ಬರೆದು, ಮಾವಂದಿರೂ ಇದ್ದರು ಅಂತ ಕೆಳಗೊಂದು ಟಿಪ್ಪಣಿ ಹಾಕುತ್ತೇನೆ.