ಹಳೆಯ ಅವೆಂಜರ್ 220: ಮನೆಯಲ್ಲೇ ಸರಿಪಡಿಸುವಾಗ ಮೊದಲು ಯಾವುದು, ಆಮೇಲೆ ಯಾವುದು?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸದಸ್ಯರಿಂದ):

ಅಣ್ಣನವರಿಗೆ ನಮಸ್ಕಾರ. ಪುತ್ತೂರಿನ ಕಡೆಯಿಂದ 2011ರಲ್ಲಿ ನೋಂದಣಿಯಾದ ಬಜಾಜ್ ಅವೆಂಜರ್ 220 ಬೈಕೊಂದನ್ನು ಕೊಂಡಿದ್ದೇನೆ. ಎರಡು ಮಳೆಗಾಲ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ಗಾಡಿ. ಸೆಲ್ಫ್ ಒತ್ತಿದರೆ ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಟ್ಯಾಂಕಿನ ಒಳಗೆ ತುಕ್ಕು ಕಾಣುತ್ತದೆ. ಹಿಂದಿನ ಮಡ್‌ಗಾರ್ಡನ್ನೂ ಚೇಸಿಸ್‌ನ ತುದಿಯನ್ನೂ ಕತ್ತರಿಸಿ ಒಂಟಿ ಸೀಟು ಕೂರಿಸಬೇಕು, ಎತ್ತರದ ಹ್ಯಾಂಡಲ್ ಹಾಕಿಸಬೇಕು, ಪೂರ್ತಿ ಕಪ್ಪು ಬಣ್ಣ ಹೊಡೆಯಬೇಕು ಎಂಬ ಆಸೆಯಿದೆ. ಮನೆಯಲ್ಲಿ ಸ್ಪ್ಯಾನರ್ ಸೆಟ್ ಮತ್ತು ಸಣ್ಣದೊಂದು ಕಂಪ್ರೆಸರ್ ಇದೆ. ಎಲ್ಲಿಂದ ಆರಂಭಿಸಲಿ?

ಉತ್ತರ (ಕುಂಬಳೆಯಲ್ಲಿ ದ್ವಿಚಕ್ರ ವಾಹನಗಳ ವರ್ಕ್‌ಶಾಪ್ ನಡೆಸುವವರಿಂದ):

ನಮಸ್ಕಾರ ತಮ್ಮಾ. ಒಳ್ಳೆಯ ಗಾಡಿಯನ್ನೇ ಆರಿಸಿದ್ದೀರಿ. ಅದರ ಎಂಜಿನ್ ಪಲ್ಸರ್ 220ರ ಬಳಗಕ್ಕೆ ಸೇರಿದ್ದಾದ್ದರಿಂದ ಬಿಡಿಭಾಗಗಳಿಗಾಗಿ ಬಹಳ ಅಲೆಯಬೇಕಾಗಿಲ್ಲ. ಆದರೆ ನೀವು ಬರೆದ ಪಟ್ಟಿಯಲ್ಲಿ ಮೊದಲು ಆಗಬೇಕಾದದ್ದು ಕಾಗದಪತ್ರದ ಕೆಲಸ. ಕರ್ನಾಟಕದ ಪುತ್ತೂರಿನ ನೋಂದಣಿಯ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಕೇರಳದಲ್ಲಿ ಇಟ್ಟುಕೊಳ್ಳುವುದಾದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿಯ ತೆರಿಗೆ ಕಟ್ಟಿ, ಕಾಸರಗೋಡಿನ ಕೆಎಲ್ 14 ನೋಂದಣಿಗೆ ಬದಲಾಯಿಸಿಕೊಳ್ಳಬೇಕು. ಮೇಲಾಗಿ 15 ವರ್ಷಗಳ ನೋಂದಣಿಯ ಅವಧಿ 2026ಕ್ಕೆ ಮುಗಿಯುತ್ತದೆ; ನವೀಕರಣಕ್ಕೆ ಗಾಡಿಯನ್ನು ಅಧಿಕಾರಿಗಳ ಮುಂದೆ ತಪಾಸಣೆಗೆ ಒಯ್ಯಲೇಬೇಕು. ಕತ್ತರಿಸಿದ ಚೇಸಿಸ್ಸಿನೊಂದಿಗೆ ಆ ತಪಾಸಣೆಗೆ ಹೋಗುವಂತಿಲ್ಲ.

ಇನ್ನು ಟ್ಯಾಂಕ್. ಅದನ್ನು ಬಿಚ್ಚಿ, ಹಳೆಯ ಪೆಟ್ರೋಲನ್ನು ಬಯಲಿನಲ್ಲಿ, ಬೆಂಕಿ ಮತ್ತು ವಿದ್ಯುತ್ ಕಿಡಿಗಳಿಂದ ದೂರದಲ್ಲಿ, ಕ್ಯಾನಿಗೆ ಇಳಿಸಿಕೊಳ್ಳಿ. ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಮತ್ತು ಫ್ಯೂಯೆಲ್ ಗೇಜಿನ ಫ್ಲೋಟನ್ನು ತೆಗೆದು ಆ ರಂಧ್ರಗಳನ್ನು ಭದ್ರವಾಗಿ ಮುಚ್ಚಿ, ಬಿಳಿ ವಿನೆಗರ್ ತುಂಬಿಸಿ ಒಂದು ದಿನ ಬಿಡಿ. ದಪ್ಪನೆಯ ತುಕ್ಕಿದ್ದರೆ ಒಂದು ಹಿಡಿ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ ಟ್ಯಾಂಕನ್ನು ಎಲ್ಲ ಮಗ್ಗುಲಿಗೂ ಕುಲುಕಿರಿ, ಅಷ್ಟೇ ನಟ್ಟುಗಳು ಹೊರಗೆ ಬಂದವೇ ಎಂದು ಮತ್ತೆ ಎಣಿಸಿರಿ. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದು, ಕಂಪ್ರೆಸರಿನ ಗಾಳಿಯಿಂದ ಕೂಡಲೇ ಒಣಗಿಸಬೇಕು. ಇಲ್ಲಿ ತಡಮಾಡಿದರೆ ಬೆತ್ತಲೆ ತಗಡಿನ ಮೇಲೆ ಕೆಲವೇ ನಿಮಿಷಗಳಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಹರಡಿಕೊಳ್ಳುತ್ತದೆ. ಒಣಗಿದೊಡನೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದ ಪೆಟ್ರೋಲನ್ನು ಒಳಗೆಲ್ಲ ಆಡಿಸಿ. ಕಾಕ್ ಮತ್ತು ಕಾರ್ಬುರೇಟರಿನ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ನಡುವೆ ಸಣ್ಣದೊಂದು ಫಿಲ್ಟರ್ ಹಾಕಿ. ತಳದ ಜೋಡಣೆಯಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ಮನೆಯಲ್ಲಿ ವೆಲ್ಡಿಂಗ್ ಮಾಡಲೇಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಪೆಟ್ರೋಲಿನ ಆವಿ ಸ್ಫೋಟಗೊಂಡರೆ ಜೀವಕ್ಕೇ ಅಪಾಯ.

ಗಾಡಿ ಸ್ಟಾರ್ಟ್ ಆಗದಿರಲು ಹೆಚ್ಚಾಗಿ ಕಾರ್ಬುರೇಟರಿನ ಪೈಲಟ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತಿರುಪು) ಕಟ್ಟಿಕೊಂಡಿರುವುದೇ ಕಾರಣ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಕಾರ್ಬುರೇಟರಿನ ತಳದ ಬೌಲಿನಲ್ಲಿ ಅದು ಒಣಗಿ ಅಂಟಾಗಿ ಕೂರುತ್ತದೆ. ಬೌಲ್ ಬಿಚ್ಚಿ ಜೆಟ್ಟನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ನಡುವೆ ದುಂಡಗಿನ ಚುಕ್ಕೆಯಾಗಿ ಬೆಳಕು ಕಾಣಬೇಕು. ಕಾಣದಿದ್ದರೆ ಕಾರ್ಬುರೇಟರ್ ಕ್ಲೀನರ್ ಮತ್ತು ಗಾಳಿಯಿಂದಲೇ ತೆರವುಗೊಳಿಸಿ. ಉಕ್ಕಿನ ತಂತಿ ಚುಚ್ಚಿದರೆ ರಂಧ್ರ ಅಗಲವಾಗಿ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಎಂದಿಗೂ ಸಮನಾಗಿ ಓಡುತ್ತ (ಐಡಲ್) ನಿಲ್ಲುವುದಿಲ್ಲ. ಕಾರ್ಬುರೇಟರಿನ ಮೇಲಿನ ಮುಚ್ಚಳದ ಕೆಳಗಿರುವ ತೆಳು ರಬ್ಬರ್ ಹಾಳೆಗೆ (ಡಯಾಫ್ರಾಮ್) ಆ ಕ್ಲೀನರ್ ತಾಗದಿರಲಿ, ತಾಗಿದರೆ ಉಬ್ಬುತ್ತದೆ. ಈ ಎಂಜಿನ್ನಿಗೆ ಎರಡು ಸ್ಪಾರ್ಕ್ ಪ್ಲಗ್‌ಗಳಿವೆ. ಸುಲಭವಾಗಿ ಕೈಗೆ ಸಿಗುವ ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೆಯೇ ಬಿಟ್ಟ ಗಾಡಿಗಳು ನಮ್ಮಲ್ಲಿಗೆ ಆಗಾಗ ಬರುತ್ತವೆ. ಎರಡನ್ನೂ ಬದಲಿಸಿ. ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ. ಅದನ್ನು ಚೆಲ್ಲದೆ ಮತ್ತೆ ಸೆಲ್ಫ್ ಒತ್ತಬಾರದು.

ಸ್ಟಾರ್ಟ್ ಆದ ಸಂಭ್ರಮದಲ್ಲಿ ಬ್ರೇಕನ್ನು ಮರೆಯಬೇಡಿ. ಮುಂದಿನ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಬಿಚ್ಚಿ, ಪಿಸ್ಟನ್ ಸರಾಗವಾಗಿ ಹಿಂದೆ ಸರಿಯುತ್ತದೆಯೇ ನೋಡಿ, ಬ್ರೇಕ್ ಆಯಿಲ್ ಪೂರ್ತಿ ಹೊಸದು ಹಾಕಿ. ಅದು ಟ್ಯಾಂಕಿನ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಬಟ್ಟೆ ಹೊದಿಸಿಯೇ ಕೆಲಸ ಮಾಡಿ. ಟಯರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. 2316 ಎಂದಿದ್ದರೆ 2016ರ 23ನೆಯ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯ ಟಯರ್ ಸವೆದಿರದಿದ್ದರೂ ಅದರಲ್ಲಿ ನಮ್ಮ ಮಳೆಯ ರಸ್ತೆಗೆ ಇಳಿಯಬೇಡಿ. ಹಿಂದಿನದು 130/90-15, ಮುಂದಿನದು 90/90-17.

ಮರುಪ್ರಶ್ನೆ (ಅದೇ ಸದಸ್ಯರಿಂದ):

ವಿವರವಾಗಿ ಬರೆದುದಕ್ಕೆ ಧನ್ಯವಾದಗಳು ಅಣ್ಣ. ಹಾಗಾದರೆ ಒಂಟಿ ಸೀಟು, ಎತ್ತರದ ಹ್ಯಾಂಡಲ್, ಕಪ್ಪು ಬಣ್ಣ ಯಾವುದೂ ಸಾಧ್ಯವಿಲ್ಲವೇ?

ಉತ್ತರ:

ಕತ್ತರಿಸುವುದನ್ನು ನಾನು ಖಂಡಿತ ಬೇಡವೆನ್ನುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಕಾನೂನಿನ ಮಾತು ಒಂದು ಕಡೆಯಿರಲಿ, ಹಿಂದಿನ ಶಾಕ್ ಅಬ್ಸಾರ್ಬರುಗಳ ಭಾರ ಹೊರುವ ಭಾಗದ ಹತ್ತಿರ ಪೈಪು ಕತ್ತರಿಸಿ ಬೆಸೆದ ಚೇಸಿಸ್, ಗುಂಡಿ ಬಿದ್ದ ರಸ್ತೆಯಲ್ಲಿ ಬಿರುಕು ಬಿಡುವ ಭಯ ಯಾವತ್ತೂ ಇರುತ್ತದೆ. ಸೀಟು ಎರಡು ಜನರದ್ದೇ ಇರಲಿ. ಅದರ ಫೋಮನ್ನು ತಗ್ಗಿಸಿ, ಹೊಲಿಗೆಯ ವಿನ್ಯಾಸ ಬದಲಿಸಿ ಹೊಸ ಕವರ್ ಹಾಕಿಸಿದರೆ ಗಾಡಿಯ ನೋಟವೇ ಬೇರೆಯಾಗುತ್ತದೆ.

ಹ್ಯಾಂಡಲನ್ನು ತೀರಾ ಎತ್ತರಿಸಿದರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮತ್ತು ಬ್ರೇಕ್ ಹೋಸ್ ಮೂರೂ ಗಿಡ್ಡವಾಗುತ್ತವೆ. ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿದಾಗ ಎಂಜಿನ್ನಿನ ಸದ್ದು ತಾನಾಗಿ ಏರಿದರೆ ಕೇಬಲ್ ಎಳೆಯುತ್ತಿದೆ ಎಂದು ತಿಳಿಯಿರಿ. ಕಂಪೆನಿಯ ಹ್ಯಾಂಡಲನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅವೆಂಜರಿನ ಹ್ಯಾಂಡಲ್ ಮೊದಲೇ ಆರಾಮದ್ದು.

ಬಣ್ಣ ಬದಲಿಸಬಹುದು. ಅದು ಆರ್‌ಸಿಯಲ್ಲಿ ದಾಖಲಾಗಿರುವುದರಿಂದ ಆರ್‌ಟಿಒಗೆ ಅರ್ಜಿ ಕೊಟ್ಟು ತಿದ್ದಿಸಿಕೊಳ್ಳಿ. ಸ್ಪ್ರೇ ಕೆಲಸವನ್ನು ಡಿಸೆಂಬರಿನಿಂದ ಫೆಬ್ರವರಿಯ ಒಳಗೆ ಇಟ್ಟುಕೊಳ್ಳಿ. ಮಳೆಗಾಲದ ತೇವದಲ್ಲಿ ಹೊಡೆದ ಬಣ್ಣದ ಮೇಲೆ ಬಿಳಿಯ ಮಬ್ಬು ಕೂರುತ್ತದೆ, ಕಪ್ಪಿನ ಮೇಲಂತೂ ಅದು ಎದ್ದು ಕಾಣುತ್ತದೆ. ಅಡಿಕೆ ಒಣಗಿಸುವ ಕಾಲವೂ ಅದೇ ಆದ್ದರಿಂದ, ಅಂಗಳದ ಧೂಳು ತಾಗದ ಕೋಣೆಯೊಂದನ್ನು ನೋಡಿಕೊಳ್ಳಿ. ಹಾರ್ಡನರ್ (ಗಟ್ಟಿಗೊಳಿಸುವ ದ್ರವ) ಬೆರೆಸುವ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಶ್ವಾಸಕೋಶಕ್ಕೆ ವಿಷ. ಬಟ್ಟೆಯ ಮಾಸ್ಕ್ ಸಾಲದು, ಅದೊಂದನ್ನು ಪೈಂಟರ್ ಕೈಯಲ್ಲೇ ಮಾಡಿಸಿ.

ಪ್ರಶ್ನೆ (ಉಪ್ಪಳದ ಸದಸ್ಯರಿಂದ):

ನಮ್ಮದು ಕಡಲ ಬದಿಯ ಮನೆ. ಇದೇ ಗಾಡಿಯ ಸೈಲೆನ್ಸರ್ ಮತ್ತು ಕ್ರ್ಯಾಶ್ ಗಾರ್ಡಿನ ಕ್ರೋಮ್ ಮೇಲೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಏಳುತ್ತದೆ. ಏನು ಮಾಡಬಹುದು?

ಉತ್ತರ:

ಅಲ್ಯೂಮಿನಿಯಂ ಫಾಯಿಲನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಮೇಲ್ಪದರದ ಚುಕ್ಕೆಗಳು ಹೋಗುತ್ತವೆ. ಕ್ರೋಮ್ ಪದರವೇ ಏಳತೊಡಗಿದ್ದರೆ ಮರುಲೇಪನ ಮಾಡಿಸುವುದೊಂದೇ ದಾರಿ. ಉಪ್ಪುಗಾಳಿಗೆ ಒಡ್ಡಿದ ಗಾಡಿಯನ್ನು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ತೆಳುವಾಗಿ ವ್ಯಾಕ್ಸ್ ಹಚ್ಚಿ. ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಬೇಡಿ. ಒಳಗೆ ಬೆವರು ಕಟ್ಟಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ, ಗಾಳಿಯಾಡುವ ಬಟ್ಟೆಯ ಕವರ್ ಸಾಕು.