ಮಗು ಉಸಿರಾಡುತ್ತಿದೆಯಾ ಅಂತ ರಾತ್ರಿಯಿಡೀ ನೋಡುತ್ತಿರುತ್ತೇನೆ, ಏನು ಮಾಡಲಿ?

ಪ್ರಶ್ನೆ (ಬನಶಂಕರಿಯ ಒಬ್ಬ ತಾಯಿ):
ನಮಸ್ಕಾರ ಮೇಡಂ. ನನಗೆ ಇದು ಚೊಚ್ಚಲ ಹೆರಿಗೆ, ಸಿಸೇರಿಯನ್. ಮಗಳಿಗೆ ಇನ್ನೇನು ಮೂರು ತಿಂಗಳು ತುಂಬುತ್ತದೆ. ಹಾಸನದ ತವರಲ್ಲಿ ಬಾಣಂತನ ಮುಗಿಸಿಕೊಂಡು ಬೆಂಗಳೂರಿಗೆ ಬಂದೆ. ಅಲ್ಲಿ ಅಮ್ಮ, ಅಜ್ಜಿ ಇದ್ದರು. ಇಲ್ಲಿ ಯಜಮಾನರು ಬೆಳಗ್ಗೆ ಹೊರಟರೆ ಟ್ರಾಫಿಕ್ ದಾಟಿ ಮನೆ ಸೇರುವುದು ರಾತ್ರಿ. ಮಗು ಮಲಗಿದರೂ ನನಗೆ ನಿದ್ದೆ ಬರಲ್ಲ. ಉಸಿರಾಡುತ್ತಿದೆಯಾ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಲೇ ಇರುತ್ತೇನೆ. ಎದೆ ಡವಡವ ಅನ್ನುತ್ತದೆ. ಹಾಲು ಸಾಲುತ್ತಿಲ್ಲವೇನೋ ಅನ್ನುವ ಚಿಂತೆ ಬೇರೆ. ಇನ್ನೊಂದು ಮಾತು ಯಾರಿಗೂ ಹೇಳಿಲ್ಲ. ನಮ್ಮದು ನಾಲ್ಕನೇ ಮಹಡಿ. ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ಹೋದರೆ, ನಾನೇ ಕೆಳಗೆ ಎಸೆದುಬಿಟ್ಟರೆ ಅಂತ ಯೋಚನೆ ಬರುತ್ತದೆ. ಈಗ ಬಾಲ್ಕನಿ ಬಾಗಿಲನ್ನೇ ತೆಗೆಯುತ್ತಿಲ್ಲ. ಅತ್ತೆಗೆ ನಿದ್ದೆ ಬರಲ್ಲ ಅಂದರೆ "ನಾವೆಲ್ಲಾ ಹೆತ್ತಿಲ್ವಾ" ಅಂತಾರೆ. ನನಗೆ ಹುಚ್ಚು ಹಿಡಿಯುತ್ತಿದೆಯಾ?

ಉತ್ತರ (ಮನೋವೈದ್ಯೆ):
ಇಲ್ಲ, ನಿಮಗೆ ಹುಚ್ಚು ಹಿಡಿಯುತ್ತಿಲ್ಲ. ಬಾಲ್ಕನಿ ವಿಷಯವನ್ನೇ ಮೊದಲು ಮಾತಾಡೋಣ. ನಿಮ್ಮನ್ನು ಜಾಸ್ತಿ ಸುಡುತ್ತಿರುವುದು ಅದೇ ಅಲ್ವಾ?

ಮಗುವಿಗೆ ನನ್ನ ಕೈಯಿಂದಲೇ ಏನಾದರೂ ಆದರೆ ಅನ್ನುವ ಯೋಚನೆ ಬಾಣಂತಿಯರಲ್ಲಿ ತುಂಬಾ ಸಾಮಾನ್ಯ. ಕೆಲವರಿಗೆ ಚಾಕು ಕಂಡಾಗ ಬರುತ್ತದೆ, ಕೆಲವರಿಗೆ ಸ್ನಾನ ಮಾಡಿಸುವಾಗ. ನಾಚಿಕೆಯಿಂದ ಯಾರೂ ಬಾಯಿ ಬಿಡಲ್ಲ, ಹಾಗಾಗಿ ತನಗೊಬ್ಬಳಿಗೇ ಹೀಗೆ ಅಂದುಕೊಳ್ಳುತ್ತಾರೆ. ಇದು ನಿಮ್ಮ ಆಸೆ ಅಲ್ಲ, ನಿಮ್ಮ ಭಯ. ಅದಕ್ಕೇ ನೀವು ನಡುಗಿದಿರಿ, ಬಾಗಿಲು ಹಾಕಿಕೊಂಡಿರಿ. ಹೀಗೆ ಹೆದರುವ ತಾಯಂದಿರು ಆ ಯೋಚನೆಯಂತೆ ನಡೆದುಕೊಳ್ಳುವುದಿಲ್ಲ.

ಅಪಾಯದ ಲಕ್ಷಣಗಳು ಬೇರೆ. ಯಾರೋ ಕಿವಿಯಲ್ಲಿ ಹೇಳಿದಂತೆ ಕೇಳಿಸುವುದು, ಮಗುವಿನಲ್ಲಿ ದೇವರೋ ದೆವ್ವವೋ ಸೇರಿದೆ ಅಂತ ಗಟ್ಟಿಯಾಗಿ ನಂಬುವುದು, ನಿದ್ದೆಯೇ ಇಲ್ಲದಿದ್ದರೂ ಸುಸ್ತಾಗದೆ ಓಡಾಡುವುದು, ಮಾತಿಗೆ ಮಾತು ಸೇರದಿರುವುದು. ಇದು 1000 ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಹೆರಿಗೆಯಾದ ಮೊದಲ ಎರಡು ವಾರದಲ್ಲಿ ಇದ್ದಕ್ಕಿದ್ದಂತೆ ಶುರುವಾಗುತ್ತದೆ. ಅದು ಕಂಡರೆ, ಅಥವಾ ಸಾಯಬೇಕು ಅನ್ನಿಸಿದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಾಯಿಯನ್ನು ಒಬ್ಬಳನ್ನೇ ಬಿಡಬಾರದು.

ಈಗ ಉಸಿರಿನ ವಿಷಯ. ಮೊದಲ ತಿಂಗಳುಗಳಲ್ಲಿ ಮಕ್ಕಳ ಉಸಿರು ಒಂದೇ ಸಮ ಇರಲ್ಲ. ಬೇಗ ಬೇಗ ಉಸಿರೆಳೆದು, ಐದರಿಂದ ಹತ್ತು ಸೆಕೆಂಡ್ ನಿಲ್ಲಿಸಿ, ಮತ್ತೆ ಶುರು ಮಾಡುತ್ತವೆ. ನೀವು ಬೆರಳಿಟ್ಟ ಹೊತ್ತಿಗೆ ಸರಿಯಾಗಿ ನಿಂತಿದ್ದರೆ ಪ್ರಾಣವೇ ಹೋದಂತಾಗುತ್ತದೆ. 20 ಸೆಕೆಂಡ್ ನಿಂತರೆ, ತುಟಿ ನೀಲಿಯಾದರೆ, ಮೈ ಜೋತುಬಿದ್ದರೆ ಮಾತ್ರ ಆಸ್ಪತ್ರೆಗೆ ಓಡಬೇಕು.

ನೋಡಿದ ತಕ್ಷಣ ಸಮಾಧಾನ ಆಗುತ್ತದೆ, ನಿಜ. ಆದರೆ ಸೊಳ್ಳೆ ಕಚ್ಚಿದ ಜಾಗ ಕೆರೆದ ಹಾಗೆ, ಕೆರೆದಷ್ಟೂ ನವೆ ಜಾಸ್ತಿ. ನಾನು ನೋಡಿದ್ದಕ್ಕೇ ಮಗು ಉಳಿಯಿತು ಅಂತ ಮನಸ್ಸು ಕಲಿತುಬಿಡುತ್ತದೆ. ಆದ್ದರಿಂದ ಒಂದು ನಿಯಮ ಮಾಡಿಕೊಳ್ಳಿ. ಮಲಗಿಸುವಾಗ ಒಮ್ಮೆ ಸರಿಯಾಗಿ ನೋಡಿ: ಅಂಗಾತ ಮಲಗಿದೆಯಾ, ಹಾಸಿಗೆ ಗಟ್ಟಿಯಾಗಿದೆಯಾ, ಮುಖದ ಹತ್ತಿರ ದಿಂಬು, ದಪ್ಪ ಹೊದಿಕೆ ಇಲ್ಲ ತಾನೇ. ಆಮೇಲೆ ನೋಡುವ ಅಂತರ ದಿನ ದಿನಕ್ಕೆ ಹೆಚ್ಚಿಸಿ. ಹತ್ತು ನಿಮಿಷ ಇದ್ದದ್ದು ಅರ್ಧ ಗಂಟೆಯಾಗಲಿ, ಕೊನೆಗೆ ಹಾಲು ಕುಡಿಸುವ ಹೊತ್ತಿಗೆ ಮಾತ್ರ. ಮೊದಲೆರಡು ರಾತ್ರಿ ಕಷ್ಟವಾಗುತ್ತದೆ. ಆ ಭಯ ತಾನಾಗಿಯೇ ಏರಿ ಇಳಿಯುತ್ತದೆ, ಇಳಿಯಲು ಬಿಡಿ.

ಹಾಲು ಸಾಲುತ್ತಿದೆಯಾ ಅಂತ ತಿಳಿಯಲು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಮಾಡುತ್ತಿದೆಯಾ ನೋಡಿ. 14ನೇ ವಾರದ ಲಸಿಕೆಗೆ ಹೋದಾಗ ತೂಕ ಹಾಕಿಸಿ. ಇವೆರಡೂ ಸರಿಯಿದ್ದರೆ ಹಾಲಿನ ಚಿಂತೆ ಬಿಡಿ.

ಹೆರಿಗೆಯಾದ ಮೂರ್ನಾಲ್ಕನೇ ದಿನ ಸುಮ್ನೆ ಅಳು ಬರುವುದು ಬೇರೆ, ಎರಡು ವಾರದೊಳಗೆ ಹೋಗುತ್ತದೆ. ನಿಮ್ಮದು ಅದನ್ನು ದಾಟಿದೆ, ನಿದ್ದೆ ಕಿತ್ತುಕೊಂಡಿದೆ. ಚಿಕಿತ್ಸೆ ಬೇಕು. ಮೊದಲು ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ), ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಕಾಫಿ ಬೆಳಗ್ಗೆ ಒಂದು ಲೋಟಕ್ಕೆ ನಿಲ್ಲಿಸಿ. ಮನೋವೈದ್ಯರು ಬಾಣಂತಿಯರ ಖಿನ್ನತೆ ಗುರುತಿಸಲು ಬಳಸುವ, ಹತ್ತು ಪ್ರಶ್ನೆಗಳ ಎಡಿನ್‌ಬರೋ ಪ್ರಶ್ನಾವಳಿ ಕೊಡಬಹುದು. ಅದು 1987ರದ್ದು, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಹೇಗಿದ್ದಿರಿ ಅಂತ ಕೇಳುತ್ತದೆ. ನಿಜವನ್ನೇ ಬರೆಯಿರಿ.

ಈ ರಾತ್ರಿಯೇ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ (ಮಲ್ಲೇಶ್ವರದ ಒಬ್ಬ ಅತ್ತೆ):
ಡಾಕ್ಟ್ರೇ, ನನ್ನ ಸೊಸೆಯೂ ಹೀಗೇ ಇದ್ದಾಳೆ. ಧೈರ್ಯ ಹೇಳಿ ಹೇಳಿ ಸಾಕಾಯಿತು. ಇನ್ನೇನು ಮಾಡಲಿ?

ಉತ್ತರ:
ಅಮ್ಮಾ, ನೀವು ಕೇಳಿದ್ದು ತುಂಬಾ ಒಳ್ಳೆಯದಾಯಿತು. ಧೈರ್ಯಕ್ಕಿಂತ ಅವಳಿಗೆ ನಿದ್ದೆ ಬೇಕು. ರಾತ್ರಿ ಒಂಬತ್ತರಿಂದ ಒಂದೂವರೆವರೆಗೆ ಮಗು ನಿಮ್ಮ ಕೋಣೆಯಲ್ಲಿರಲಿ. ಎದೆಹಾಲು ಹಿಂಡಿ ಫ್ರಿಜ್‌ನಲ್ಲಿಟ್ಟರೆ ಒಂದು ದಿನ ಏನೂ ಆಗಲ್ಲ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ ಒಳಲೆಯಲ್ಲಿ ಕುಡಿಸಿ. ಒಂದೇ ಸಮ ನಾಲ್ಕು ಗಂಟೆ ನಿದ್ದೆ ಸಿಕ್ಕರೆ ಮಾರನೇ ದಿನವೇ ವ್ಯತ್ಯಾಸ ಗೊತ್ತಾಗುತ್ತದೆ. ಬಾಣಂತಿ ನೀರು ಕಡಿಮೆ ಕುಡಿಯಬೇಕು, ತರಕಾರಿ ತಿನ್ನಬಾರದು ಅನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ. ಅವಳು ಏನಾದರೂ ಹೇಳಿಕೊಂಡರೆ ನಮ್ಮ ಕಾಲದಲ್ಲಿ ಅಂತ ಶುರು ಮಾಡದೆ, ಪೂರ್ತಿ ಕೇಳಿಸಿಕೊಳ್ಳಿ.

ಪ್ರಶ್ನೆ (ಮೊದಲು ಕೇಳಿದ ತಾಯಿಯ ಪತಿ):
ಮೇಡಂ, ಅವಳು ಇದನ್ನು ನನಗೆ ಓದಲು ಕೊಟ್ಟಳು. ನಾಳೆಯೇ ಕರೆದುಕೊಂಡು ಹೋಗುತ್ತೇನೆ. ಮಾತ್ರೆ ಕೊಟ್ಟರೆ ಎದೆಹಾಲು ಬಿಡಿಸಬೇಕಾ? ಅಡ್ಮಿಟ್ ಅಂದರೆ ಮಗುವನ್ನು ದೂರ ಇಡುತ್ತಾರಾ? ಅವಳಿಗೆ ಇದೇ ಹೆದರಿಕೆ.

ಉತ್ತರ:
ಎಲ್ಲರಿಗೂ ಮಾತ್ರೆ ಬೇಕಾಗಲ್ಲ. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯಿಂದಲೇ ಎಷ್ಟೋ ಜನ ಸುಧಾರಿಸುತ್ತಾರೆ. ಮಾತ್ರೆ ಬೇಕಾದರೆ ಹಾಲುಣಿಸುವ ತಾಯಂದಿರಿಗೆ ಹೆಚ್ಚಾಗಿ ಸರ್ಟ್ರಾಲಿನ್ ಕೊಡುತ್ತಾರೆ. ಅದು ಎದೆಹಾಲಿಗೆ ಹೋಗುವುದು ತೀರಾ ಕಡಿಮೆ, ಸಾಮಾನ್ಯವಾಗಿ ಹಾಲು ಬಿಡಿಸಬೇಕಾಗಿಲ್ಲ. ಗುಣ ಕಾಣಲು ಕೆಲವು ವಾರ ಬೇಕು. ಮೊದಲ ವಾರ ವಾಕರಿಕೆ, ಚಡಪಡಿಕೆ ಆಗಬಹುದು. ಹೆದರಿ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಫೋನ್ ಮಾಡಿ.

ನೀವು ಹೇಳಿದಷ್ಟಕ್ಕೆ ಅಡ್ಮಿಟ್ ಆಗಬೇಕಾದ ಸಂದರ್ಭ ಕಡಿಮೆ. ಆದರೂ ತಿಳಿದಿರಲಿ: ನಮ್ಮೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರೂ ಜೊತೆಗೇ ಇರುವ ವಾರ್ಡ್ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಅಂತಲೇ ಇದೆ.

ಹೊರಡುವಾಗ ಹೆರಿಗೆಯ ಡಿಸ್ಚಾರ್ಜ್ ಸಮ್ಮರಿ, ಮಗುವಿನ ಲಸಿಕೆ ಕಾರ್ಡ್, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಇಟ್ಟುಕೊಳ್ಳಿ. ಬಾಲ್ಕನಿ ವಿಷಯ ಅವಳಿಗೆ ಬಾಯಲ್ಲಿ ಹೇಳಲು ಆಗದಿದ್ದರೆ, ಇಲ್ಲಿ ಬರೆದದ್ದನ್ನೇ ವೈದ್ಯರಿಗೆ ತೋರಿಸಿ. ವೈದ್ಯರು ಅವಳೊಬ್ಬಳನ್ನೇ ಮಾತಾಡಿಸಬೇಕು ಅಂದರೆ, ನೀವು ಮಗುವನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಹೊರಗಿರಿ.